‘ಲೋಕದ ಹಾಡು’ ಕೇಳಬಾರದೇ? ಬಳ್ಳಾರಿ ಸೀಮೆಯ ಒಂದು ಹಳೇ ಜಗಳ

ಕ್ರೈಸ್ತರು ಸಿನಿಮಾ ಹಾಡು ಕೇಳಬಹುದಾ?

ಬಳ್ಳಾರಿ ನಗರದಲ್ಲಿ, ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಓಡಾಡುವಾಗ ಈ ಪ್ರಶ್ನೆ ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಮಗನ ರಿಂಗ್‌ಟೋನ್ ಕೇಳಿ ಅಪ್ಪ ಸಿಟ್ಟಾಗುತ್ತಾನೆ. ಮದುವೆಗೆ ಡಿಜೆ ತರಿಸಬೇಕೋ ಬೇಡವೋ ಎಂದು ಬೀಗರ ನಡುವೆ ಮಾತು ಬೆಳೆಯುತ್ತದೆ. ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ ಬಾರಿಸಿ ನಾಲ್ಕು ಕಾಸು ತರುವ ಹುಡುಗ, ದೀಕ್ಷಾಸ್ನಾನ ಆದಮೇಲೆ ಆ ಕೆಲಸ ಬಿಡಲೇಬೇಕಾ ಎಂದು ಪಾಸ್ಟರನ್ನು ಕೇಳುತ್ತಾನೆ. ಸಿನಿಮಾ ಹಾಡು, ಜಾನಪದ, ಭಾವಗೀತೆ, ಎಲ್ಲಕ್ಕೂ ಸಭೆಗಳಲ್ಲಿ ಒಂದೇ ಹೆಸರು: ಲೋಕದ ಹಾಡು.

ಯಾವುದು ಪಾಪ, ಯಾವುದು ಅಲ್ಲ ಎಂದು ಹೇಳುವ ಅಧಿಕಾರ ನಮಗಿಲ್ಲ. ನಮ್ಮ ಗುಂಪಿನಲ್ಲಿ ಚರ್ಚಿಗೆ ಹೋಗುವವರೂ ಇದ್ದಾರೆ, ಗುಡಿಗೆ ಹೋಗುವವರೂ ಇದ್ದಾರೆ, ಎಲ್ಲಿಗೂ ಹೋಗದವರೂ ಇದ್ದಾರೆ. ಆದರೆ ಈ ಜಗಳಕ್ಕೆ ಇನ್ನೂರು ವರ್ಷಗಳ ಕಥೆ ಇದೆ. ಅದರಲ್ಲಿ ಒಂದು ದೊಡ್ಡ ತುಂಡನ್ನು ಎಲ್ಲರೂ ಮರೆತಿದ್ದಾರೆ ಅಂತ ನಮಗೆ ಅನ್ನಿಸುತ್ತದೆ.

ಮೊದಲು ಬಳ್ಳಾರಿಯಿಂದಲೇ ಶುರು ಮಾಡೋಣ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಂಪನಿ ಇಲ್ಲಿ ದಂಡು ಇಟ್ಟಿತು. ಹತ್ತು ವರ್ಷದ ಮೇಲೆ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಂದರು. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದರು. ಕನ್ನಡ ಅಚ್ಚಿನ ಇತಿಹಾಸದಲ್ಲಿ ಬಳ್ಳಾರಿಗೆ ದೊಡ್ಡ ಜಾಗ ಇದೆ. ನಮ್ಮ ಊರಿನವರಿಗೇ ಅದು ಅಷ್ಟಾಗಿ ಗೊತ್ತಿಲ್ಲ, ಅದು ಬೇರೆ ಮಾತು.

ಮಾತೇನೋ ಕನ್ನಡಕ್ಕೆ ಬಂತು. ರಾಗ ಬರುವುದು ಅಷ್ಟು ಸುಲಭ ಇರಲಿಲ್ಲ. ಮಿಷನರಿಗಳು ತಮ್ಮ ದೇಶದ ಕೀರ್ತನೆಗಳ ರಾಗವನ್ನೇ ತಂದರು. ಇಲ್ಲಿಯ ರಾಗ ಎಂದರೆ ಅವರಿಗೆ ಗುಡಿ ನೆನಪಾಗುತ್ತಿತ್ತು, ತೇರು ನೆನಪಾಗುತ್ತಿತ್ತು, ದೇವರಿಗೆ ಬಿಟ್ಟ ಹೆಣ್ಣುಮಕ್ಕಳ ಹಾಡು ಕುಣಿತ ನೆನಪಾಗುತ್ತಿತ್ತು. ಬಳ್ಳಾರಿ ಸೀಮೆ ಬಸವಿ ಪದ್ಧತಿಯ ನೆಲ ಆಗಿತ್ತು ಅನ್ನುವುದನ್ನು ಇಲ್ಲಿ ಮರೆಯಬಾರದು. ಅವರ ಅಂಜಿಕೆ ಪೂರ್ತಿ ಹುಸಿ ಆಗಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಅವರ ಊರಲ್ಲಿ ಹೆಂಡದಂಗಡಿಯ ಹಾಡು ಬೇರೆ, ಚರ್ಚಿನ ಹಾಡು ಬೇರೆ ಎಂದು ಗೆರೆ ಎಳೆಯಲು ಬರುತ್ತಿತ್ತು. ನಮ್ಮಲ್ಲಿ ಎಲ್ಲಿ ಎಳೆಯುತ್ತೀರಿ? ಸಿರುಗುಪ್ಪದ ಗದ್ದೆಯಲ್ಲಿ ಭತ್ತದ ನಾಟಿ ಮಾಡುತ್ತಾ ಹೆಣ್ಣುಮಕ್ಕಳು ಹಾಡುವ ಪದದಲ್ಲಿ ಅರ್ಧ ಅತ್ತೆ ಬಗ್ಗೆ ದೂರು, ಇನ್ನರ್ಧ ದೇವರ ನೆನಪು. ಮೊಹರಂ ಬಂತೆಂದರೆ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಪದ ಹೇಳಿ ಹೆಜ್ಜೆ ಹಾಕುತ್ತಾರೆ. ದರೋಜಿಯ ಈರಮ್ಮ ಬುರ್ರಕಥೆ ಹಾಡುತ್ತಿದ್ದದ್ದನ್ನು ಹಿರಿಯರು ಕೇಳಿರುತ್ತೀರಿ. ಓದು ಬರಹ ಇಲ್ಲದೆ ಎಷ್ಟೋ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಆ ತಾಯಿ 2014ರಲ್ಲಿ ತೀರಿಕೊಂಡರು. ಅವರು ಹೇಳುತ್ತಿದ್ದ ಕುಮಾರರಾಮನ ಕಥೆ ದೇವರ ಹಾಡೋ, ಲೋಕದ ಹಾಡೋ? ಕೇಳಿದವರನ್ನು ಕೇಳಿದರೆ ನಕ್ಕುಬಿಟ್ಟಾರು.

ತಮಾಷೆ ಏನೆಂದರೆ, ಪಶ್ಚಿಮದ ಚರ್ಚಿನ ರಾಗಗಳೂ ಅಷ್ಟು ‘ಶುದ್ಧ’ ಅಲ್ಲ. ಜರ್ಮನಿಯ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಒಂದು ಪ್ರೇಮಗೀತೆ ಪ್ರಕಟಿಸಿದ. ಒಬ್ಬ ಹುಡುಗಿಯಿಂದ ತಲೆ ಕೆಟ್ಟಿದೆ ಎಂದು ಹಾಡುವ ಹುಡುಗನ ಹಾಡು ಅದು. ಕೆಲವೇ ವರ್ಷಗಳಲ್ಲಿ ಚರ್ಚು ಆ ರಾಗವನ್ನು ತೆಗೆದುಕೊಂಡಿತು. ಮುಂದೆ ಅದು ಶಿಲುಬೆ ಮೇಲಿನ ಯೇಸುವಿನ ನೋವಿನ ಹಾಡಾಯಿತು. ಬಾಖ್ ತನ್ನ ದೊಡ್ಡ ಕೃತಿಯಲ್ಲಿ, ಮತ್ತಾಯನ ಸುವಾರ್ತೆಯ ಪ್ರಕಾರ ಯೇಸುವಿನ ಶ್ರಮೆಯನ್ನು ಹಾಡಾಗಿಸಿದ ಆ ಕೃತಿಯಲ್ಲಿ, ಇದೇ ರಾಗವನ್ನು ಮತ್ತೆ ಮತ್ತೆ ತಂದ. ಇವತ್ತು ಪ್ರಪಂಚದ ಎಷ್ಟೋ ಚರ್ಚುಗಳಲ್ಲಿ ಶುಭ ಶುಕ್ರವಾರದಂದು ಕಣ್ಣೀರು ಹಾಕಿಕೊಂಡು ಹಾಡುವ ರಾಗ ಅದು. ಹುಟ್ಟಿದ್ದು ಮಾತ್ರ ಪ್ರೇಮದ ಹಾಡಾಗಿ.

ಅಲ್ಲೂ ಎಲ್ಲರೂ ಒಪ್ಪಿರಲಿಲ್ಲ ಅನ್ನಿ. ಜ್ಯೂರಿಕ್‌ನ ಜ್ವಿಂಗ್ಲಿ ಸ್ವತಃ ಹಲವು ವಾದ್ಯ ಬಾರಿಸಬಲ್ಲವ, ಆದರೂ ಆರಾಧನೆಯಿಂದ ಸಂಗೀತವನ್ನೇ ಹೊರಗೆ ಹಾಕಿದ. ಅಲ್ಲಿಯ ಚರ್ಚುಗಳ ಆರ್ಗನ್‌ಗಳನ್ನು 1520ರ ದಶಕದಲ್ಲಿ ಕಿತ್ತುಹಾಕಿದರು. ಅದಕ್ಕೂ ಸಾವಿರ ವರ್ಷ ಹಿಂದೆ ಸಂತ ಅಗಸ್ಟೀನ್, ಚರ್ಚಿನಲ್ಲಿ ಹಾಡು ಕೇಳುವಾಗ ಮಾತಿಗಿಂತ ರಾಗವೇ ಹೆಚ್ಚು ಹಿತ ಅನ್ನಿಸಿದರೆ ಅದು ತಪ್ಪಲ್ಲವೇ ಎಂದು ತನ್ನನ್ನೇ ತಾನು ಬೈದುಕೊಂಡಿದ್ದ. ಚರ್ಚಿನ ಹಾಡಿಗೇ ಹೀಗಾದರೆ ಸಿನಿಮಾ ಹಾಡಿನ ಗತಿ ಏನು!

ನಮ್ಮ ಕನ್ನಡ ನಾಡಿನಲ್ಲಿ ಈ ಗೋಡೆ ದಾಟಿದ ಮಿಷನರಿಗಳೂ ಇದ್ದರು. ಮಂಗಳೂರಿನ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1850ರ ಸುಮಾರಿಗೆ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಪುರಂದರದಾಸರನ್ನೂ ಕನಕದಾಸರನ್ನೂ ಪುಸ್ತಕಕ್ಕೆ ಇಳಿಸಿದ್ದು ಒಬ್ಬ ಪಾದ್ರಿ! 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1862ರಲ್ಲಿ ‘ಕಥಾಮಾಲೆ’ ಎಂದು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ, ಇಲ್ಲಿಯ ಜನ ಹಾಡಿಕೊಳ್ಳುವಂತೆ ಬರೆದರು. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು, ಹಾಡಿನ ಕಿಟ್ಟೆಲ್ ಅಷ್ಟು ಗೊತ್ತಿಲ್ಲ. ಬಳ್ಳಾರಿಗೆ ಬಂದದ್ದೂ ಲಂಡನ್ ಮಿಷನ್ನೇ, ತಮಿಳುನಾಡಿನ ಈರೋಡಿನಲ್ಲಿ ಕೆಲಸ ಮಾಡಿದ ಎಚ್.ಎ. ಪೋಪ್ಲಿ ಸೇರಿದ್ದೂ ಅದೇ ಮಿಷನ್ನೇ. ಆತ ಕರ್ನಾಟಕ ಸಂಗೀತ ಕಲಿತು, ಹರಿಕಥೆಯ ಧಾಟಿಯಲ್ಲಿ ಸುವಾರ್ತೆ ಸಾರಿ, 1921ರಲ್ಲಿ ಭಾರತದ ಸಂಗೀತದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಕೆಥೋಲಿಕರಲ್ಲಿ ದೊಡ್ಡ ಬಾಗಿಲು ತೆರೆದದ್ದು 1963ರ ಡಿಸೆಂಬರಿನಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆ ಆಯಾ ನಾಡಿನ ಸಂಗೀತಕ್ಕೆ ಆರಾಧನೆಯಲ್ಲಿ ಜಾಗ ಕೊಡಬೇಕು ಎಂದಿತು.

ಇಷ್ಟೂ ಪಾದ್ರಿಗಳ ಕಡೆಯ ಕಥೆ. ಪುಸ್ತಕಗಳಲ್ಲಿ ಸಿಗುವುದೂ ಹೆಚ್ಚಾಗಿ ಇದೇ. ನಾವು ಮೇಲೆ ಹೇಳಿದ ಮರೆತ ತುಂಡು ಈಗ ಬರುತ್ತದೆ.

ನಮ್ಮ ಹಳ್ಳಿಗಳಲ್ಲಿ ಸಂಗೀತ ಅನ್ನುವುದು ಎಲ್ಲರಿಗೂ ಕೇಳುವ ಸುಖ ಆಗಿರಲಿಲ್ಲ. ಕೆಲವರಿಗೆ ಅದು ಬಿಟ್ಟಿ ಕೆಲಸ ಆಗಿತ್ತು. ಹಲಗೆ ಬಾರಿಸುವುದು ಮಾದಿಗ ಕೇರಿಯ ಪಾಲು. ಊರಿನಲ್ಲಿ ಸಾವಾದರೆ ಹಲಗೆ, ಜಾತ್ರೆಯಾದರೆ ಹಲಗೆ, ಡಂಗುರಕ್ಕೆ ಹಲಗೆ. ಕರೆದಾಗ ಹೋಗಬೇಕು, ಒಲ್ಲೆ ಅನ್ನುವ ಹಾಗಿಲ್ಲ. ಬಾರಿಸಿದ ಮೇಲೆ ಗುಡಿಯ ಹೊರಗೇ ನಿಲ್ಲಬೇಕು. ಕೂಲಿ ಎಂದರೆ ಒಂದಿಷ್ಟು ಕಾಳು, ಉಳಿದ ಅನ್ನ. ಹತ್ತೊಂಬತ್ತನೇ ಶತಮಾನದಲ್ಲಿ ತೆಲುಗು ನಾಡಿನಲ್ಲೂ ನಮ್ಮ ಗಡಿ ಸೀಮೆಯಲ್ಲೂ ಕ್ರೈಸ್ತರಾದವರಲ್ಲಿ ಇದೇ ಕೇರಿಗಳ ಜನ ತುಂಬಾ ಇದ್ದರು.

ಆಗ ಏನಾಯಿತು ಎಂಬುದಕ್ಕೆ ಚೆನ್ನಾಗಿ ದಾಖಲೆ ಇರುವುದು ಒಂಗೋಲಿನಲ್ಲಿ. ಬಳ್ಳಾರಿಯಿಂದ ಅದು ದೂರದ ಊರು. ಆದರೆ ಆಗ ಎರಡೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. 1860ರ ದಶಕದ ಕೊನೆಯಲ್ಲಿ ಒಂಗೋಲಿನ ಸುತ್ತ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೋ ಅವರ ಬಳಿ ದೀಕ್ಷೆ ಪಡೆದ ಮಾದಿಗರು ಮೂರು ನಿಯಮ ಪಾಲಿಸಬೇಕಿತ್ತು. ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹ ಪೂಜೆ ಮಾಡಬಾರದು. ಮೂರನೆಯದನ್ನು ಪಾಲಿಸಿದರೆ ಊರ ಹಬ್ಬದಲ್ಲಿ ಹಲಗೆ ಬಾರಿಸಲು ಆಗುವುದಿಲ್ಲ. ಅವರು ಬಾರಿಸುವುದಿಲ್ಲ ಎಂದರು.

ಊರಿನ ಕರಣಂ, ಮುನಸಬು ಸುಮ್ಮನಿರಲಿಲ್ಲ. ಬಾವಿಯ ನೀರು ನಿಂತಿತು. ಅಗಸರು ಬಟ್ಟೆ ಒಗೆಯಬಾರದು, ಕುಂಬಾರರು ಮಡಕೆ ಮಾರಬಾರದು ಎಂದು ಕಟ್ಟು ಹಾಕಿದರು. ದನಗಳನ್ನು ಗೋಮಾಳಕ್ಕೆ ಬಿಡಲಿಲ್ಲ. ಒಂದು ಹಬ್ಬಕ್ಕೆ ಹಲಗೆ ಬಾರಿಸದ ತಪ್ಪಿಗೆ ಇಷ್ಟು ದಂಡ! ಆದರೂ ಜನ ಹಿಂದೆ ಸರಿಯಲಿಲ್ಲ. ದೊಡ್ಡ ಬರ ಕಳೆದ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು.

‘ನಾವು ಆ ಸಂಗೀತಕ್ಕೆ ಹೋಗುವುದಿಲ್ಲ’ ಎಂಬ ಮಾತು ಆ ಜನರ ಬಾಯಲ್ಲಿ ಬಂದಾಗ ಅದರ ಅರ್ಥವೇ ಬೇರೆ ಇತ್ತು ಅನ್ನುವುದು ನಮ್ಮ ವಾದ. ಪಾದ್ರಿಗೆ ಅದು ವಿಗ್ರಹದ ಪ್ರಶ್ನೆ. ಹಲಗೆ ಕೆಳಗಿಟ್ಟವನಿಗೆ ಅದು ವಿಗ್ರಹದ ಪ್ರಶ್ನೆಯೂ ಹೌದು, ಗೌಡನ ಪ್ರಶ್ನೆಯೂ ಹೌದು. ಇನ್ನು ಮೇಲೆ ನೀನು ಕರೆದ ತಕ್ಷಣ ನಾನು ಬರುವುದಿಲ್ಲ ಎಂದು ಹೇಳುವ ದಾರಿ ಅದು.

ಈ ತುಂಡು ಕೈಬಿಟ್ಟರೆ ಇಂದಿನ ಹಿರಿಯರ ಸಿಟ್ಟು ಅರ್ಥವಾಗುವುದಿಲ್ಲ. ಮೊಮ್ಮಗ ಬರ್ತ್‌ಡೇ ಪಾರ್ಟಿಯಲ್ಲಿ ಹಲಗೆ ಬಡಿತದ ಹಾಡಿಗೆ ಕುಣಿದರೆ ಅಜ್ಜನಿಗೆ ಏಕೆ ಮುಖ ಕಪ್ಪಿಡುತ್ತದೆ? ಹುಡುಗನಿಗೆ ಅದು ಬರೀ ಬೀಟ್. ಅಜ್ಜನಿಗೆ ಅದು ಅವರಪ್ಪ ಹೆಗಲಿಗೆ ಹಾಕಿಕೊಂಡು ಗೌಡರ ಮನೆ ಮುಂದೆ ನಿಂತ ಚರ್ಮ. ‘ಲೋಕದ ಹಾಡು ಬೇಡ’ ಎಂಬ ಮಾತಿನಲ್ಲಿ ಭಕ್ತಿ ಎಷ್ಟಿದೆ, ಹಳೇ ಅವಮಾನ ಎಷ್ಟಿದೆ, ಅವರಿಗೂ ಬಿಡಿಸಿ ಹೇಳಲು ಬರಲಿಕ್ಕಿಲ್ಲ.

ಆಮೇಲೆ ಸಿನಿಮಾ ಬಂತು. ಬಳ್ಳಾರಿ ಮೊದಲೇ ನಾಟಕದ ಊರು. ಧರ್ಮಾವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ, 1946ರಲ್ಲಿ ತೀರಿಕೊಂಡ ಬಳ್ಳಾರಿ ರಾಘವ, ಕನ್ನಡ ತೆಲುಗು ಎರಡರಲ್ಲೂ ರಂಗಗೀತೆ. ಇಂಥ ಊರಿಗೆ ಸಿನಿಮಾ ಹಾಡು ಬಂದಾಗ ಬೇಡ ಎಂದವರು ಕ್ರೈಸ್ತರು ಮಾತ್ರ ಅಲ್ಲ. ದೆಹಲಿಯ ಮಂತ್ರಿ ಬಿ.ವಿ. ಕೇಸ್ಕರ್ 1952ರಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡನ್ನು ದೂರ ಇಟ್ಟರು, ಜನರ ಅಭಿರುಚಿ ಕೆಡುತ್ತದೆ ಎಂದು. ಜನ ರೇಡಿಯೋ ಸಿಲೋನ್ ತಿರುಗಿಸಿಕೊಂಡರು. 1957ರಲ್ಲಿ ವಿವಿಧ ಭಾರತಿ ಶುರು ಮಾಡಿ ಸರ್ಕಾರವೇ ದಾರಿಗೆ ಬರಬೇಕಾಯಿತು. ಸರ್ಕಾರದ ಕೈಲಿ ಆಗದ್ದು ಪಾಸ್ಟರ ಕೈಲಿ ಆಗುತ್ತದೆ ಎಂದು ನಾವಂತೂ ನಂಬುವುದಿಲ್ಲ.

ಅಷ್ಟಕ್ಕೂ ಇವತ್ತಿನ ಆರಾಧನೆಯ ಹಾಡುಗಳನ್ನೇ ಕೇಳಿ ನೋಡಿ. ಕೀಬೋರ್ಡು, ರಿದಂ ಪ್ಯಾಡು, ಮಧ್ಯೆ ಸಿನಿಮಾ ಹಾಡಿನಂಥದೇ ಮ್ಯೂಸಿಕ್. ಪದ ಮಾತ್ರ ಯೇಸುವಿನದು. ಹಾಸ್ಲರ್ ರಾಗಕ್ಕೆ ಆದದ್ದು ಇಲ್ಲಿಯೂ ಆಗುತ್ತಿದೆ ಅಷ್ಟೇ.

ಬೈಬಲಿನಲ್ಲಿ ಇದಕ್ಕೆ ಹತ್ತಿರದ ಜಗಳ ಮಾಂಸದ ಜಗಳ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8 ಮತ್ತು 10ನೇ ಅಧ್ಯಾಯ ತೆಗೆದು ಓದಿ. ಸಂತೆಯಲ್ಲಿ ಮಾರುವ ಮಾಂಸ ವಿಗ್ರಹಕ್ಕೆ ಎಡೆ ಹಿಡಿದದ್ದಿರಬಹುದು, ತಿನ್ನಬೇಕೋ ಬೇಡವೋ ಎಂಬ ಪ್ರಶ್ನೆ. ಪೌಲ ಕೊಡುವ ಉತ್ತರ ಒಂದೇ ಮಾತಿನದ್ದಲ್ಲ. ಸಂತೆಯಲ್ಲಿ ಕೊಂಡದ್ದನ್ನು ವಿಚಾರಿಸದೆ ತಿನ್ನಿ ಎನ್ನುತ್ತಾನೆ. ವಿಗ್ರಹದ ಪಂಕ್ತಿಯಲ್ಲಿ ಕೂರಬೇಡಿ ಎನ್ನುತ್ತಾನೆ. ಪಕ್ಕದವನ ಮನಸ್ಸಿಗೆ ನೋವಾಗುವುದಾದರೆ ಬಿಡಿ ಎನ್ನುತ್ತಾನೆ. ನಮ್ಮ ಸೀಮೆಗೆ ಇದು ಚೆನ್ನಾಗಿ ಹೊಂದುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯ ಮೈಕಿನ ಹಾಡು ಮನೆಯಲ್ಲಿ ಕೂತವನ ಕಿವಿಗೆ ಬೀಳುವುದು ಸಂತೆಯ ಮಾಂಸದ ಹಾಗೆ. ತೇರಿನ ಮುಂದೆ ಹಲಗೆ ಹಿಡಿದು ನಿಲ್ಲು ಎಂದು ಜಾತಿ ನೋಡಿ ಕರೆಯುವುದು ಬೇರೆ. ಮೊದಲನೆಯದಕ್ಕೆ ತಲೆ ಕೆಡಿಸಿಕೊಂಡು ಎರಡನೆಯದನ್ನು ಮರೆಯುವ ಸಭೆಗಳನ್ನು ಕಂಡರೆ ನಮಗೆ ಬೇಜಾರಾಗುತ್ತದೆ.

ಹಲಗೆಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1970ರ ದಶಕದಲ್ಲಿ ಕರ್ನಾಟಕದ ದಲಿತ ಚಳವಳಿ ಇದೇ ಚರ್ಮದ ವಾದ್ಯವನ್ನು ಮೆರವಣಿಗೆಗೆ ತಂದಿತು. ಬಿಟ್ಟಿಯ ಸದ್ದು ಹೋರಾಟದ ಸದ್ದಾಯಿತು. ಮಧುರೈನ ದೈವಶಾಸ್ತ್ರ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಥಿಯೋಫಿಲಸ್ ಅಪ್ಪಾವೂ, ಹಳ್ಳಿಗರು ‘ಪರಟ್ಟೈ’ ಎಂದು ಕರೆಯುತ್ತಿದ್ದವರು, ಪರೈ ವಾದ್ಯವನ್ನೂ ಜನಪದ ರಾಗವನ್ನೂ ಚರ್ಚಿನ ಆರಾಧನೆಯ ಒಳಗೇ ತಂದರು. ಅವರು 2005ರಲ್ಲಿ ತೀರಿಕೊಂಡರು. ಅಜ್ಜಂದಿರು ಮರ್ಯಾದೆಗಾಗಿ ಕೆಳಗಿಟ್ಟ ವಾದ್ಯವನ್ನು ಮೊಮ್ಮಕ್ಕಳು ಮರ್ಯಾದೆಗಾಗಿಯೇ ಎತ್ತಿಕೊಂಡರು. ಇದಕ್ಕೆ ಎಲ್ಲ ದಲಿತ ಕ್ರೈಸ್ತರೂ ಒಪ್ಪಿದರು ಅಂತಲ್ಲ. ಬೇಡ, ಆ ಸದ್ದು ಪ್ರಾರ್ಥನೆಯಲ್ಲಾದರೂ ಕೇಳಿಸದಿರಲಿ ಎನ್ನುವವರ ಮಾತಿಗೂ ತೂಕ ಇದೆ.

ಬ್ಯಾಂಡ್ ಸೆಟ್ಟಿನ ಆ ಹುಡುಗನ ವಿಷಯಕ್ಕೆ ಬಂದರೆ, ಅವನದ್ದು ಬಿಟ್ಟಿ ಅಲ್ಲ. ಮುಂಗಡ ಹಿಡಿಯುತ್ತಾನೆ, ದರ ಮಾತಾಡುತ್ತಾನೆ, ಬೇಡವೆನಿಸಿದರೆ ಒಲ್ಲೆ ಅನ್ನುತ್ತಾನೆ. ಅವನ ಮುತ್ತಜ್ಜನಿಗೆ ಈ ಮೂರೂ ಇರಲಿಲ್ಲ. ಪಾಸ್ಟರು ಅವನಿಗೆ ಉತ್ತರ ಕೊಡುವ ಮುಂಚೆ ಇಷ್ಟು ವಿಚಾರಿಸಿದರೆ ಸಾಕು: ಯಾರು ಕರೆದರು, ಏನೆಂದು ಕರೆದರು, ಬಾರಿಸಿದ ಮೇಲೆ ಅವನನ್ನು ಯಾವ ಸಾಲಿನಲ್ಲಿ ಊಟಕ್ಕೆ ಕೂರಿಸಿದರು.