ಎಷ್ಟು ಗುಂಡಿದ್ದರೆ ಸಾಕು?

ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಳ್ಳುವ ಅಮೆರಿಕದ ಗೃಹಸ್ಥನಿಗೆ ಎಷ್ಟು ಗುಂಡು ಬೇಕು? ಒಂದೂವರೆ ಶತಮಾನದಲ್ಲಿ ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಗೃಹಸ್ಥನ ಅನುಭವ ನೋಡಿ ಕೊಟ್ಟವು ಕಡಿಮೆ. ಮೊದಲು ಯಂತ್ರ ಹೇಳಿತು, ಆಮೇಲೆ ಪೊಲೀಸರು, ಕೊನೆಗೆ ಕಾನೂನು.

1873ರ ಕೋಲ್ಟ್ ರಿವಾಲ್ವರಿಗೆ ಆರು ಕೋಣೆ. ಕೆಳಗೆ ಬಿದ್ದರೆ ಸಿಡಿದೀತೆಂದು ಜಾಣರು ಹ್ಯಾಮರಿನ ಕೆಳಗಿನ ಕೋಣೆ ಖಾಲಿ ಬಿಟ್ಟು ಐದೇ ತೋಟಾ ತುಂಬುತ್ತಿದ್ದರು. 1950ರಲ್ಲಿ ಸ್ಮಿತ್ ಅಂಡ್ ವೆಸನ್ ತಂದ ಚೀಫ್ಸ್ ಸ್ಪೆಷಲ್‌ಗೂ ಐದೇ; ಆರನೆಯದಕ್ಕೆ ಜಾಗ ಮಾಡಿದರೆ ಸಿಲಿಂಡರ್ ದಪ್ಪವಾಗಿ ಜೇಬು ಉಬ್ಬುತ್ತಿತ್ತು. ಹಿಡಿಯೊಳಗೆ ತೋಟಾಗಳನ್ನು ಎರಡು ಸಾಲಾಗಿ ಜೋಡಿಸಿದರೆ ಹದಿಮೂರು ಹಿಡಿಯುತ್ತದೆಂದು ಬ್ರೌನಿಂಗ್ ಹೈ-ಪವರ್ 1935ರಲ್ಲೇ ತೋರಿಸಿದ್ದರೂ ಅಮೆರಿಕದ ಪೊಲೀಸರಲ್ಲಿ ಹೆಚ್ಚಿನವರು ಆರು ಗುಂಡಿನ ರಿವಾಲ್ವರ್ ಬಿಟ್ಟಿರಲಿಲ್ಲ.

ಅವರ ಮನಸ್ಸು ತಿರುಗಿಸಿದ್ದು 1986ರ ಏಪ್ರಿಲ್ 11. ಮಯಾಮಿ ಬಳಿ ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದ ಎಂಟು ಎಫ್‌ಬಿಐ ಅಧಿಕಾರಿಗಳಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಏಟು ಬಿದ್ದ ಕೈಯಲ್ಲಿ ರಿವಾಲ್ವರ್ ತುಂಬುವ ಪಾಡು ಎಲ್ಲರಿಗೂ ಮನವರಿಕೆಯಾಯಿತು. ಹದಿನೇಳು ಗುಂಡಿನ ಗ್ಲಾಕ್ ಪಿಸ್ತೂಲು ಠಾಣೆಗಳನ್ನು ಹೊಕ್ಕು, ಹಿಂದೆಯೇ ಮನೆಗಳನ್ನೂ ಹೊಕ್ಕಿತು. ದರೋಡೆಕೋರನನ್ನು ಬೆನ್ನಟ್ಟುವವನಿಗೂ ನಡುರಾತ್ರಿ ಬಾಗಿಲ ಸದ್ದಿಗೆ ಎದ್ದು ಕೂತವನಿಗೂ ಒಂದೇ ಅಳತೆಯೇ?

ಹಾಗಾದರೆ ಆ ಎದ್ದು ಕೂತವನು ಹಾರಿಸುವುದೆಷ್ಟು? ತರಬೇತುದಾರ ಕ್ಲಾಡ್ ವರ್ನರ್, ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದ 1997ರಿಂದ 2001ರವರೆಗಿನ 482 ಆತ್ಮರಕ್ಷಣೆಯ ಪ್ರಕರಣಗಳನ್ನು ಎಣಿಸಿದರು. ಸರಾಸರಿ ಎರಡು ಗುಂಡು. ಮತ್ತೆ ತುಂಬಬೇಕಾಗಿ ಬಂದದ್ದು ಮೂರೇ ಸಲ. ಅದರಲ್ಲೊಂದು, ತಪ್ಪಿಸಿಕೊಂಡ ಸಿಂಹವನ್ನು .32 ರಿವಾಲ್ವರಿನಿಂದ ಹದಿಮೂರು ಗುಂಡಿಗೆ ಕೊಂದದ್ದು! ಆದರೆ ಇವು ಪತ್ರಿಕೆ ಆರಿಸಿ ಹಾಕಿದ, ಬಹುಪಾಲು ಗೆದ್ದವರ ಕತೆಗಳು. ಇನ್ನೊಂದೆಡೆ, ನ್ಯೂಯಾರ್ಕ್ ಪೊಲೀಸರ ಬಗ್ಗೆ ರ್‍ಯಾಂಡ್ ಸಂಸ್ಥೆ 2008ರಲ್ಲಿ ಕೊಟ್ಟ ವರದಿ ಪ್ರಕಾರ, ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ತರಬೇತಿ ಪಡೆದವರ ಗುಂಡುಗಳಲ್ಲೇ ಗುರಿ ಮುಟ್ಟಿದ್ದು ಶೇ. 18. ಹೆಚ್ಚು ಗುಂಡು ಬೇಕೆನ್ನುವವರು ಇದನ್ನು ಹಿಡಿದುಕೊಳ್ಳುತ್ತಾರೆ. ತಪ್ಪಿದ ಉಳಿದ ಗುಂಡುಗಳು ಯಾರ ಗೋಡೆ ಹೊಕ್ಕವು ಎಂದು ನಾನು ಕೇಳುತ್ತೇನೆ.

ಕಾನೂನಿನ ದಾರಿಯೇ ಬೇರೆ. 1994ರ ಒಕ್ಕೂಟ ಶಾಸನ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ತೋಟಾಪೆಟ್ಟಿಗೆಗಳನ್ನು, ಅಂದರೆ ಮ್ಯಾಗಜೀನ್‌ಗಳನ್ನು ನಾಗರಿಕರಿಗೆ ನಿಷೇಧಿಸಿತು. ಹತ್ತೇ ಆದರೆ ದೊಡ್ಡ ಪಿಸ್ತೂಲೇಕೆ? ಮರುವರ್ಷವೇ ಹತ್ತು ಗುಂಡಿನ ಪುಟ್ಟ ಗ್ಲಾಕ್ 26 ಬಂತು. ಶಾಸನ 2004ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು, ಪುಟ್ಟ ಪಿಸ್ತೂಲು ಉಳಿಯಿತು. 2018ರ ಸಿಗ್ ಪಿ365 ಅದೇ ಹತ್ತನ್ನು ಇನ್ನೂ ತೆಳ್ಳಗಿನ ಹಿಡಿಯಲ್ಲಿ ಅಡಗಿಸಿತು. ಆದರೆ ಶಾಸನ ಬಿದ್ದುಹೋದ ಮೇಲೆ ದೊಡ್ಡ ಮ್ಯಾಗಜೀನೂ ಮರಳಿತ್ತು: 2011ರ ಟ್ಯೂಸಾನ್ ಹತ್ಯಾಕಾಂಡದಲ್ಲಿ 33 ಗುಂಡಿನ ಮ್ಯಾಗಜೀನ್ ಮುಗಿಸಿದ ಹಂತಕನನ್ನು ಜನ ನೆಲಕ್ಕೆ ಕೆಡವಿದ್ದು ಅವನು ಮತ್ತೆ ತುಂಬಲು ಹೊರಟಾಗ. ಮಿತಿ ಬೇಕೆನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ವಾದ ನನಗೆ ಕಂಡಿಲ್ಲ. ರಾಜ್ಯಗಳು ಮಾತ್ರ ತಮಗೆ ತೋಚಿದ ಅಂಕಿ ಹಿಡಿದವು: ಕೊಲೊರಾಡೊ ಹದಿನೈದು, ಕ್ಯಾಲಿಫೋರ್ನಿಯಾ ಹತ್ತು. ನ್ಯೂಯಾರ್ಕ್ 2013ರಲ್ಲಿ ಹತ್ತರ ಮ್ಯಾಗಜೀನ್ ಇರಲಿ, ಏಳೇ ತುಂಬಿ ಎಂದಿತು. ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

2025ರ ಮಾರ್ಚ್‌ನಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಕ್ಯಾಲಿಫೋರ್ನಿಯಾದ ಹತ್ತನ್ನು 7–4 ಮತಗಳಿಂದ ಎತ್ತಿಹಿಡಿಯಿತು. ದೊಡ್ಡ ಮ್ಯಾಗಜೀನ್ ಸಂವಿಧಾನದ ರಕ್ಷಣೆಯಿರುವ ಆಯುಧವೇ ಅಲ್ಲ ಎಂಬುದು ಬಹುಮತದ ತರ್ಕಗಳಲ್ಲೊಂದು. ಒಪ್ಪದ ನ್ಯಾಯಮೂರ್ತಿ ವ್ಯಾನ್‌ಡೈಕ್ ತಮ್ಮ ಕೊಠಡಿಯಲ್ಲೇ ಪಿಸ್ತೂಲು ಕೈಗೆತ್ತಿಕೊಂಡು, ಈ ತರ್ಕ ನಿಲ್ಲುವುದಿಲ್ಲವೆಂದು ವಿಡಿಯೊ ಮಾಡಿ ತೋರಿಸಿದರು.