ಜರ್ಮನ್‌ಟೌನ್ ಮೆನೊನೈಟ್ ಸಭೆ: ಹುಟ್ಟಿದ ವರ್ಷದ ಪ್ರಶ್ನೆ

ಉತ್ತರ ಅಮೆರಿಕದ ಅತ್ಯಂತ ಹಳೆಯ ಮೆನೊನೈಟ್ ಸಭೆ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನದು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಅದು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಮಾತ್ರ 1683, 1698, 1708 ಎಂದು ಬೇರೆ ಬೇರೆ ಉತ್ತರಗಳು ಸಿಗುತ್ತವೆ. ಯಾವ ವರ್ಷವನ್ನು ಆರಿಸುತ್ತೇವೆ ಎಂಬುದು 'ಸಭೆ' ಎಂದರೇನು ಎಂಬ ನಮ್ಮ ತಿಳಿವಳಿಕೆಯನ್ನು ಅವಲಂಬಿಸಿದೆ. ಕನ್ನಡದ ಪ್ರೊಟೆಸ್ಟೆಂಟ್ ಕ್ರೈಸ್ತರ ಬಾಯಲ್ಲಿ ಸಭೆ ಎಂದರೆ ಕಟ್ಟಡವಲ್ಲ, ಕೂಡಿಬಂದ ವಿಶ್ವಾಸಿಗಳು. ಮೆನೊನೈಟರ ಕಲ್ಪನೆಯೂ ಹೀಗೆಯೇ ಇದೆ. ಅದನ್ನೇ ಅಳತೆಗೋಲಾಗಿ ಹಿಡಿದರೆ 1708 ಅನ್ನೇ ಒಪ್ಪಬೇಕಾಗುತ್ತದೆ ಎಂಬುದು ನನ್ನ ವಾದ.

1683ರ ಅಕ್ಟೋಬರ್ 6ರಂದು 'ಕಾಂಕರ್ಡ್' ಹಡಗಿನಲ್ಲಿ ಕ್ರೆಫೆಲ್ಡ್ ಪಟ್ಟಣದ ಹದಿಮೂರು ಕುಟುಂಬಗಳು ಫಿಲಡೆಲ್ಫಿಯಾಕ್ಕೆ ಬಂದಿಳಿದು ಜರ್ಮನ್‌ಟೌನಿನಲ್ಲಿ ನೆಲೆಸಿದವು. ಇವರಲ್ಲಿ ಹೆಚ್ಚಿನವರು ನಾರುಬಟ್ಟೆ ನೇಯುವವರು. ಮುಂದೆ ಪೆನ್ಸಿಲ್ವೇನಿಯಾದ ಗವರ್ನರ್ ಆದ ಇತಿಹಾಸಕಾರ ಸ್ಯಾಮ್ಯುಯೆಲ್ ಪೆನಿಪ್ಯಾಕರ್ 1899ರ ತಮ್ಮ ಗ್ರಂಥದಲ್ಲಿ ಈ ನೆಲಸಿಗರನ್ನು ಬಹುಮಟ್ಟಿಗೆ ಮೆನೊನೈಟರೆಂದೇ ಎಣಿಸಿದರು. 1935ರಲ್ಲಿ ವಿಲಿಯಂ ಹಲ್ ಆ ಎಣಿಕೆಯನ್ನು ತಿರುವಿಹಾಕಿದರು: ಮೆನೊನೈಟ್ ಮನೆತನಗಳಿಂದ ಬಂದಿದ್ದರೂ ಇವರು ಹಡಗು ಹತ್ತುವ ಹೊತ್ತಿಗೆ ಕ್ವೇಕರರಾಗಿದ್ದರು. ಆ ಗುಂಪಿನಲ್ಲಿ ಮೆನೊನೈಟಾಗಿಯೇ ಉಳಿದದ್ದು ಯಾನ್ ಲೆನ್ಸನ್ ಅವರ ಕುಟುಂಬ ಎಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ. ಒಂದೇ ಮನೆಯವರಿಂದ ಸಭೆಯಾಗದು.

1688ರ ಗುಲಾಮಗಿರಿ ವಿರೋಧಿ ಮನವಿಯನ್ನೂ ಇದೇ ಎಚ್ಚರದಿಂದ ನೋಡಬೇಕು. ತಮ್ಮನ್ನು ಯಾರಾದರೂ ಹಿಡಿದು ಮಾರಿದರೆ ಹೇಗಿರುತ್ತದೆ ಎಂದು ಕೇಳಿ, ಕಪ್ಪು ಜನರನ್ನು ಕೊಳ್ಳುವುದೂ ಅದೇ ಪಾಪ ಎಂದು ಹೇಳಿದ ಆ ಪತ್ರಕ್ಕೆ ಜರ್ಮನ್‌ಟೌನಿನ ಸ್ಥಾಪಕ ಪಾಸ್ಟೋರಿಯಸ್, ಗೆರಿಟ್ ಹೆಂಡ್ರಿಕ್ಸ್, ಡೆರಿಕ್ ಮತ್ತು ಅಬ್ರಹಾಂ ಆಪ್ ಡೆನ್ ಗ್ರಾಫ್ ಸಹಿ ಹಾಕಿದರು. ಕ್ವೇಕರರ ಮಾಸಿಕ ಸಭೆ ಅದನ್ನು ತ್ರೈಮಾಸಿಕ ಸಭೆಗೆ ದಾಟಿಸಿತು, ಅಲ್ಲಿಂದ ಅದು ವಾರ್ಷಿಕ ಸಭೆಗೆ ಹೋಯಿತು. ಅಲ್ಲಿ ತೀರ್ಮಾನವಿಲ್ಲದೆ ಮೂಲೆ ಸೇರಿದ ಪತ್ರ ಮತ್ತೆ ಬೆಳಕಿಗೆ ಬಂದದ್ದು 1844ರಲ್ಲಿ. ಅದನ್ನು ಮೆನೊನೈಟರ ಮನವಿ ಎಂದು ಕರೆಯುವ ರೂಢಿಯಿದೆ. ಸಹಿ ಹಾಕಿದವರು ಅದನ್ನು ಕೊಟ್ಟದ್ದು ತಮ್ಮ ಕ್ವೇಕರ್ ಸಭೆಗೆ. ಮೆನೊನೈಟ್ ಸಭೆಯ ಕೀರ್ತಿಗೆ ಈ ಆಧಾರ ಬೇಕಿಲ್ಲ, ಸಲ್ಲಬೇಕಾದವರಿಗೆ ಅದು ಸಲ್ಲಲಿ.

ಸಭೆಯ ನಿಜವಾದ ಆರಂಭಕ್ಕೆ ವಿಲಿಯಂ ರಿಟನ್‌ಹೌಸ್ ಅವರ ಬಳಿಗೆ ಬರಬೇಕು. 1690ರಲ್ಲಿ ಅವರು ವಿಸ್ಸಾಹಿಕನ್ ಹೊಳೆಗೆ ಸೇರುವ ಒಂದು ತೊರೆಯ ದಂಡೆಯಲ್ಲಿ ಬ್ರಿಟಿಷ್ ಅಮೆರಿಕದ ಮೊದಲ ಕಾಗದದ ಗಿರಣಿಯನ್ನು ಹಾಕಿದರು. ನೇಕಾರರ ಊರಿನಲ್ಲಿ ಅಗಸೆನಾರಿನ ಬಟ್ಟೆಗೆ ಬರವಿರಲಿಲ್ಲ. ಉಟ್ಟು ಹರಿದ ಅಂಗಿ, ಚಾದರಗಳ ಚಿಂದಿ ಗಿರಣಿಗೆ ಬರುತ್ತಿತ್ತು. ನೀರಿನ ಬಲದಿಂದ ಏಳುಬೀಳುವ ಒನಕೆಗಳು ಅದನ್ನು ಕುಟ್ಟಿ ಗಂಜಿಯಂತೆ ಮಾಡುತ್ತಿದ್ದವು. ಆ ಗಂಜಿಯನ್ನು ಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ನೀರು ಬಸಿದು, ಒತ್ತಿ ಒಣಗಿಸಿದರೆ ಒಂದು ಹಾಳೆ. ಈ ಕೆಲಸದ ನಡುವೆಯೇ 1698ರಲ್ಲಿ ಅವರನ್ನು ಜರ್ಮನ್‌ಟೌನಿನ ಮೆನೊನೈಟರ ಬೋಧಕರನ್ನಾಗಿ ಆರಿಸಲಾಯಿತು. ಮೆನೊನೈಟ್ ಬೋಧಕರು ಸಂಬಳದ ಪಾದ್ರಿಗಳಾಗಿರಲಿಲ್ಲ, ಅವರು ದುಡಿದೇ ಉಣ್ಣುವವರು.

ಇಲ್ಲೇ ಒಂದು ತೊಡಕಿತ್ತು. ಬೋಧಿಸಲು ಅಧಿಕಾರವಿದ್ದವರಿಗೆಲ್ಲ ದೀಕ್ಷಾಸ್ನಾನ ಕೊಡುವ, ಕರ್ತನ ಭೋಜನವನ್ನು ಹಂಚುವ ಅಧಿಕಾರ ಇರುತ್ತಿರಲಿಲ್ಲ. ಅದಕ್ಕೆ ಹಸ್ತಾರ್ಪಣೆ ಪಡೆದ ಹಿರಿಯರು ಬೇಕು. ಪ್ರಾಯಕ್ಕೆ ಬಂದವರು ತಾವೇ ನಂಬಿಕೆಯನ್ನು ಒಪ್ಪಿ ಪಡೆಯುವ ದೀಕ್ಷಾಸ್ನಾನಕ್ಕಾಗಿಯೇ 1525ರಿಂದ ಯುರೋಪಿನಲ್ಲಿ ಇವರ ಪೂರ್ವಿಕರನ್ನು ಮುಳುಗಿಸಿ, ಸುಟ್ಟು ಕೊಂದಿದ್ದರು. ಅಂಥ ಪರಂಪರೆಯ ಜನ ಇಲ್ಲಿ, ಯಾರೂ ಬೆನ್ನಟ್ಟದ ನೆಲದಲ್ಲಿ, ಅದೇ ಸಂಸ್ಕಾರವಿಲ್ಲದೆ ವರ್ಷಗಳನ್ನು ಕಳೆದರು. ಹಿರಿಯರೊಬ್ಬರನ್ನು ಕಳಿಸಿಕೊಡಿ ಎಂದು ಹಾಂಬುರ್ಗ್ ಪಕ್ಕದ ಆಲ್ಟೋನಾದ ಸಭೆಗೆ ಬರೆದರು. ಕಡಲು ದಾಟಲು ಯಾರೂ ಮುಂದಾಗಲಿಲ್ಲ. 1708ರ ಆರಂಭದಲ್ಲಿ ರಿಟನ್‌ಹೌಸ್ ತೀರಿಕೊಂಡರು. ಅಮೆರಿಕದ ಮೊದಲ ಮೆನೊನೈಟ್ ಬಿಷಪ್ ಎಂದು ಅವರನ್ನು ಕರೆಯುವ ಪುಸ್ತಕಗಳಿವೆ. ಆದರೆ ಸಭೆಯ ಮೊದಲ ದೀಕ್ಷಾಸ್ನಾನ ನಡೆದದ್ದು ಅವರು ಹೋದ ಮೇಲೆ.

ಆ ವರ್ಷದ ಮೇ 9ರಂದು ಅವರಲ್ಲೇ ಒಬ್ಬ ಬೋಧಕರಾದ ಯಾಕೋಬ್ ಗಾಟ್‌ಶಾಲ್ಕ್ ಹನ್ನೊಂದು ಮಂದಿಗೆ ದೀಕ್ಷಾಸ್ನಾನ ಕೊಟ್ಟರು. ಮೇ 23ರಂದು ಎಲ್ಲರೂ ಕೂಡಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಂಡರು. ಅದೇ ವರ್ಷ ಮರದ ದಿಮ್ಮಿಗಳ ಪ್ರಾರ್ಥನಾ ಮನೆ ಎದ್ದಿತು. ಹೊರಗಿನಿಂದ ಯಾರೂ ಬರುವುದಿಲ್ಲವೆಂದು ಖಚಿತವಾದಾಗ ಅವರು ತಮ್ಮೊಳಗಿನವರಿಂದಲೇ ಸಂಸ್ಕಾರ ನಡೆಸಿಕೊಂಡರು. ಚದುರಿದ ಮೆನೊನೈಟರು ಸಭೆಯಾದದ್ದು ಈ ಎರಡು ವಾರಗಳಲ್ಲಿ.

ಮುಂದಿನ ಇತಿಹಾಸವನ್ನು ಬೇಗ ಹೇಳಬಹುದು. 1725ರಲ್ಲಿ ಜರ್ಮನ್‌ಟೌನಿನ ಬೋಧಕರೂ ಸೇರಿ ಪೆನ್ಸಿಲ್ವೇನಿಯಾದ ಬೋಧಕರು 1632ರ ಡೋರ್ಡ್ರೆಕ್ಟ್ ವಿಶ್ವಾಸ ಪ್ರಮಾಣಕ್ಕೆ ಸಹಿ ಹಾಕಿದರು. ಜಮೀನು ಹುಡುಕಿ ಮನೆತನಗಳು ಸ್ಕಿಪ್ಯಾಕ್ ಕಡೆಗೆ ಹೋದಂತೆ ಗ್ರಾಮೀಣ ಸಭೆಗಳು ಬೆಳೆದವು, ತಾಯಿಸಭೆ ಸೊರಗಿತು. ಹಾಗಿದ್ದರೂ 1770ರಲ್ಲಿ ದಿಮ್ಮಿಯ ಮನೆಯ ಜಾಗದಲ್ಲಿ ಕಲ್ಲಿನ ಮನೆ ಕಟ್ಟಿದರು. ಅದಕ್ಕೆ ಗೋಪುರವಿಲ್ಲ, ಗಂಟೆಯಿಲ್ಲ. ಕಾಡುಕಲ್ಲಿನ ಗೋಡೆ, ಒಂದೇ ಕೋಣೆ.

1997ರಲ್ಲಿ ಆ ಪ್ರದೇಶದ ಮೆನೊನೈಟ್ ಸಭೆಗಳ ಒಕ್ಕೂಟವಾದ ಫ್ರಾಂಕೋನಿಯಾ ಕಾನ್ಫರೆನ್ಸ್ ಈ ಸಭೆಯನ್ನು ಹೊರಹಾಕಿತು. ಸಲಿಂಗ ಸಂಬಂಧದಲ್ಲಿದ್ದವರನ್ನು ಪೂರ್ಣ ಸದಸ್ಯರನ್ನಾಗಿ ಸ್ವೀಕರಿಸಿದ್ದು ಕಾರಣ. ಯಾರನ್ನು ಸೇರಿಸಿಕೊಳ್ಳಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ 1708ರ ಪ್ರಶ್ನೆಯೇ ಇಲ್ಲಿ ಮರಳಿತು ಎಂದು ನನಗೆ ತೋರುತ್ತದೆ. ಹೊರಹಾಕಿದ ಮೇಲೂ ಅವರು ಭಾನುವಾರ ಕೂಡುವುದನ್ನು ನಿಲ್ಲಿಸಲಿಲ್ಲ. 2022ರ ಮೇ ತಿಂಗಳಲ್ಲಿ ಅಮೆರಿಕದ ಮೆನೊನೈಟ್ ಚರ್ಚಿನ ಪ್ರತಿನಿಧಿಗಳು, ಇಂಥ ಸದಸ್ಯರಿಗೆ ಆದ ನೋವಿಗೆ ಪಶ್ಚಾತ್ತಾಪ ಸೂಚಿಸುವ ಗೊತ್ತುವಳಿಯನ್ನು ಅಂಗೀಕರಿಸಿದರು.

ಜರ್ಮನ್‌ಟೌನ್ ಅವೆನ್ಯೂದ ಕಲ್ಲಿನ ಮನೆ ಇಂದಿಗೂ ಅದೇ ಜಾಗದಲ್ಲಿದೆ. 1688ರ ಮನವಿಗೆ ಸಹಿ ಬಿದ್ದದ್ದು ಇದರ ಮೇಲೆಯೇ ಎಂದು ನಂಬಲಾದ ಮೇಜನ್ನೂ ಅಲ್ಲೇ ಕಾಪಾಡಿಕೊಂಡು ಬಂದಿದ್ದಾರೆ.