ಅಪ್ಪ ಕೂಡಿಟ್ಟ ದುಡ್ಡು, ಮಕ್ಕಳಿಗೆ ಬಂದ ಗಡುವು

ಅಮೆರಿಕದ ಇಂಡಿಯಾನ ರಾಜ್ಯದಲ್ಲಿ ಸೌತ್ ಬೆಂಡ್ ಅಂತ ಒಂದು ಊರು. 1963ರ ಡಿಸೆಂಬರ್‌ನಲ್ಲಿ ಅಲ್ಲಿನ ಸ್ಟುಡ್‌ಬೇಕರ್ ಕಾರು ಕಾರ್ಖಾನೆ ಮುಚ್ಚಿತು. ಕೆಲಸವಂತೂ ಹೋಯಿತು. ಪಿಂಚಣಿ? ನಿಧಿಯಲ್ಲಿ ಅಷ್ಟು ದುಡ್ಡೇ ಇರಲಿಲ್ಲ. ಸುಮಾರು 4,000 ಕಾರ್ಮಿಕರಿಗೆ, ಬರಬೇಕಾದ ಒಂದೊಂದು ಡಾಲರ್‌ಗೆ ಸಿಕ್ಕಿದ್ದು ಬರೀ 15 ಸೆಂಟ್!

ಈ ಆಕ್ರೋಶ ಕಾನೂನಾಗೋಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1974ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಆ ಕಾಯ್ದೆಯಲ್ಲೇ ಹುಟ್ಟಿದ್ದು ಐಆರ್‌ಎ, ಅಂದ್ರೆ ವೈಯಕ್ತಿಕ ನಿವೃತ್ತಿ ಖಾತೆ. ಆಗಿನ ಒಪ್ಪಂದ ಸರಳ. ವರ್ಷಕ್ಕೆ 1,500 ಡಾಲರ್‌ವರೆಗೆ ಕಟ್ಟಿ, ಈಗ ತೆರಿಗೆ ಬೇಡ. ಮುಪ್ಪಿನಲ್ಲಿ ತೆಗೆಯುವಾಗ ಕೊಡಿ. ಆದರೆ ಎಪ್ಪತ್ತೂವರೆ ತುಂಬಿದ ಮೇಲೆ ವರ್ಷವರ್ಷವೂ ಒಂದಿಷ್ಟು ತೆಗೆಯಲೇಬೇಕಿತ್ತು. ಯಾಕೆ? ಇದು ಮುಪ್ಪಿಗೆ ಆಸರೆ, ತೆರಿಗೆ ತಪ್ಪಿಸೋ ತಿಜೋರಿ ಅಲ್ಲ ಅನ್ನೋದು ಸರ್ಕಾರದ ವಾದ.

ಖಾತೆದಾರ ತೀರಿಕೊಂಡರೆ? ಇಲ್ಲೇ ಇತ್ತು ಒಂದು ಕಿಂಡಿ. ಮಕ್ಕಳು ತಮ್ಮ ಆಯಸ್ಸಿನ ಅಂದಾಜಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ತೆಗೆಯಬಹುದಿತ್ತು. 40 ವರ್ಷದ ಮಗಳಾದರೆ, 40 ವರ್ಷಕ್ಕೂ ಹೆಚ್ಚು ಕಾಲ! ಉಳಿದ ದುಡ್ಡು ಅಲ್ಲೇ ಬೆಳೀತಾ ಇತ್ತು.

2019ರಲ್ಲಿ ಆ ಕಿಂಡಿಗೆ ಬಾಗಿಲು ಬಿತ್ತು. ಮೇ ತಿಂಗಳಲ್ಲಿ ಕೆಳಮನೆಯಲ್ಲಿ 417–3 ಮತಗಳಿಂದ ಪಾಸಾದ ಸೆಕ್ಯೂರ್ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಕೊಂಡಿತ್ತು. ಡಿಸೆಂಬರ್‌ನಲ್ಲಿ ಅದನ್ನು ಖರ್ಚಿನ ಮಸೂದೆಯೊಳಗೆ ಸೇರಿಸಿದರು. 20ರಂದು ಟ್ರಂಪ್ ಸಹಿ ಹಾಕಿದರು. 2020ರ ಜನವರಿ 1ರಿಂದ ತೀರಿಕೊಳ್ಳುವವರ ಖಾತೆಯನ್ನು ಹೆಚ್ಚಿನ ಮಕ್ಕಳು ಹತ್ತು ವರ್ಷದೊಳಗೆ ಖಾಲಿ ಮಾಡಬೇಕು. ಗಂಡ-ಹೆಂಡತಿ, ಅಂಗವಿಕಲರು, ದೀರ್ಘ ಕಾಯಿಲೆಯವರಿಗೆ ವಿನಾಯಿತಿ. ಅಪ್ರಾಪ್ತ ಮಕ್ಕಳಿಗೆ 21ರವರೆಗೆ ರಿಯಾಯಿತಿ.

ನಿಯಮ ಬಂದು ಮೂರು ತಿಂಗಳಲ್ಲೇ ಕೋವಿಡ್! ಆ ವರ್ಷ ಅಪ್ಪ ಅಮ್ಮನನ್ನು ಕಳೆದುಕೊಂಡವರೇ ಈ ಹೊಸ ಲೆಕ್ಕದ ಮೊದಲ ಮಕ್ಕಳು.

ಗೊಂದಲ ಅಲ್ಲಿಗೂ ಮುಗಿಯಲಿಲ್ಲ. ಹತ್ತನೇ ವರ್ಷ ಒಟ್ಟಿಗೆ ತೆಗೆದರೂ ಆಯ್ತು ಅಂತಲೇ ಬಹಳಷ್ಟು ಜನ ತಿಳಿದಿದ್ದರು. 2022ರ ಫೆಬ್ರವರಿಯಲ್ಲಿ ತೆರಿಗೆ ಇಲಾಖೆ ಹೇಳಿತು: ಇಲ್ಲ, ಅಪ್ಪನಿಗೆ ಕಡ್ಡಾಯವಾಗಿ ತೆಗೆಯುವ ವಯಸ್ಸು ಆಗಿಹೋಗಿದ್ದರೆ ಮಕ್ಕಳೂ ಪ್ರತಿವರ್ಷ ತೆಗೆಯಬೇಕು. ಆಗ ತಪ್ಪಿದರೆ ದಂಡ ಎಷ್ಟು ಗೊತ್ತಾ? ತೆಗೆಯದೇ ಬಿಟ್ಟ ಮೊತ್ತದ ಅರ್ಧ! ಕೂಗು ಎದ್ದಿತು. 2021ರಿಂದ 2024ರವರೆಗಿನ ವರ್ಷಗಳಿಗೆ ಇಲಾಖೆ ದಂಡ ಬಿಟ್ಟಿತು. 2022ರ ಕೊನೆಯ ಕಾನೂನು ದಂಡವನ್ನು ಶೇ. 25ಕ್ಕೆ ಇಳಿಸಿತು, ಬೇಗ ಸರಿಪಡಿಸಿಕೊಂಡರೆ ಶೇ. 10. ಅಂತಿಮ ನಿಯಮ ಬಂದಿದ್ದು 2024ರ ಜುಲೈನಲ್ಲಿ.

ಸರ್ಕಾರದ ವಾದ ಸುಳ್ಳಲ್ಲ. ಮುಂದೂಡಿದ ತೆರಿಗೆ ಮನ್ನಾ ಆದ ತೆರಿಗೆಯಲ್ಲ. ಆದರೆ ಬಿಸಿ ಯಾರಿಗೆ ತಟ್ಟುತ್ತೆ ನೋಡಿ. ಅಪ್ಪ ಎಂಬತ್ತಕ್ಕೆ ಹೋದರೆ ಮಗನಿಗೆ ಐವತ್ತರ ಆಸುಪಾಸು, ದುಡಿಮೆ ಜೋರಾಗಿರೋ ಕಾಲ. ಆ ಸಂಬಳದ ಮೇಲೆ ಈ ದುಡ್ಡು ಬಂದು ಕೂತರೆ ತೆರಿಗೆ ದರವೂ ಏರಬಹುದು. ಹಳೆಯ ನಿಯಮ ನಂಬಿ ಕೂಡಿಟ್ಟು ಹೋದವರು ಎದ್ದು ಬಂದು ಲೆಕ್ಕ ತಿದ್ದೋಕಾಗುತ್ತಾ?

ಅಮೆರಿಕದಲ್ಲಿ ದುಡಿದು ಅಲ್ಲೇ ನಿವೃತ್ತರಾದ ಕನ್ನಡಿಗರ ಮನೆಗಳಿಗೂ ಇದೇ ಲೆಕ್ಕ. 2020ರಲ್ಲಿ ತೀರಿಹೋದವರ ಖಾತೆಗೆ ಗಡುವು 2030ರ ಡಿಸೆಂಬರ್ 31. ಅಪ್ಪ ಅಮ್ಮ ಎದುರಿಗಿರುವಾಗಲೇ ಎರಡು ಮಾತು ಕೇಳಿಕೊಳ್ಳಿ: ಖಾತೆ ಎಲ್ಲಿದೆ, ದುಡ್ಡು ತೆಗೆಯುವ ವಯಸ್ಸು ಶುರುವಾಗಿದೆಯಾ? ಸೌತ್ ಬೆಂಡ್‌ನ ಕಾರ್ಮಿಕರಿಗೆ ದುಡ್ಡೇ ಇರಲಿಲ್ಲ. ಇಲ್ಲಿ ದುಡ್ಡಿದೆ, ಗಡುವು ಗೊತ್ತಿಲ್ಲದೆ ಅದನ್ನು ದಂಡಕ್ಕೆ ಸುರಿಯಬೇಡಿ.